ಗಿಳಿಗೂ ಪಾಲಿಟ್ಟು ಪೇರಲ ಉಳಿಸಿಕೊಂಡೆ

ಈ ಚಳಿಗಾಲದಲ್ಲಿ ನಮ್ಮ ಹಿತ್ತಲಿನ ನಾಲ್ಕು ಪೇರಲ ಗಿಡಗಳಿಂದ ಸುಮಾರು 240 ಹಣ್ಣು ಮನೆಯೊಳಗೆ ಬಂದವು. ಮೂರು ವರ್ಷದ ಹಿಂದೆ ಇದೇ ಗಿಡಗಳಿಂದ ನಮಗೆ ಸಿಕ್ಕಿದ್ದು ಹೆಚ್ಚೆಂದರೆ ಹದಿನೈದು. ಉಳಿದದ್ದೆಲ್ಲ ಗಿಳಿ ಕಚ್ಚಿ ಕೆಡವಿದ್ದು. ಈ ಮೂರು ವರ್ಷದಲ್ಲಿ ಒಂದು ಹಕ್ಕಿಗೂ ಕಲ್ಲು ಹೊಡೆದಿಲ್ಲ, ಪಟಾಕಿ ಹಚ್ಚಿಲ್ಲ. ಆಗೋದಿಲ್ಲ ಅಂದವರು ಬಹಳ ಜನ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಧಾರವಾಡದ ಅಂಚಿನಲ್ಲಿದೆ, ಹಿಂದೆ ಹೊಲ. ಪೇರಲ ಸಸಿ ನವಲೂರಿನಿಂದ ತಂದದ್ದು. ಅದರ ಜೊತೆ ಒಂದು ಚಿಕ್ಕು, ಒಂದು ದಾಳಿಂಬೆ, ಮೂರು ಮಡಿ ತರಕಾರಿ. ಗಿಳಿಗಳು ಬರುವುದು ಎರಡೇ ಹೊತ್ತು: ಬೆಳಕು ಹರಿಯುವಾಗ ಒಮ್ಮೆ, ಸಂಜೆ ನಾಲ್ಕರ ನಂತರ ಒಮ್ಮೆ. ಒಂದು ಹಣ್ಣನ್ನು ಪೂರ್ತಿ ತಿಂದರೆ ನನಗೆ ಬೇಸರ ಇರಲಿಲ್ಲ. ಕಾಯಿ ಇದ್ದಾಗಲೇ ಒಂದು ಕಚ್ಚು, ಕೆಳಗೆ ಬಿಸಾಕು, ಮತ್ತೊಂದಕ್ಕೆ ಹೋಗು. ಅರ್ಧ ಗಂಟೆಯಲ್ಲಿ ಮೂವತ್ತು ಕಾಯಿ ನೆಲಕ್ಕೆ. ಬೆಳೆದವರಿಗೆ ಅದನ್ನು ನೋಡೋದು ಕಷ್ಟ ಅಲ್ವಾ.

ಕುಂದಗೋಳದ ನಮ್ಮ ಸೋದರಮಾವ ಜೋಳದ ಹೊಲದಲ್ಲಿ ಅಟ್ಟ ಕಟ್ಟಿ ಹಕ್ಕಿ ಕಾಯ್ದವರು. "ಏ ತಮ್ಮಾ, ಹಕ್ಕಿ ಕೂಡ ಶಾಣ್ಯಾತನ ಮಾಡಾಕ ಹೋಗಬ್ಯಾಡ. ಒಂದು ಕವಣಿ ತಗೊ" ಅಂದರು. ಹೊಲದಲ್ಲಿ ಅದು ನಡೆಯುತ್ತೆ. ಮನೆಗಳ ನಡುವೆ ಕವಣೆ ಬೀಸಿದರೆ ಯಾರದೋ ಕಿಟಕಿಯ ಗಾಜು ಹೋಗುತ್ತೆ. ಮೇಲಾಗಿ ಹಕ್ಕಿಗೆ ಕಲ್ಲು ಹೊಡೆಯುವುದು ನನ್ನಿಂದ ಆಗುವ ಕೆಲಸವೂ ಅಲ್ಲ. ಇನ್ನೊಬ್ಬರು ಬಂದು ಬಲೆ ಹಾಕಿ ಗಿಳಿ ಹಿಡಿದುಕೊಂಡು ಹೋಗುತ್ತೇನೆ ಅಂದರು. ಗಿಳಿ ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಗೇಟಿನಿಂದಲೇ ಕಳಿಸಿದೆ.

ಮೊದಲ ವರ್ಷ ದುಡ್ಡು ಕಳೆದುಕೊಂಡ ವರ್ಷ. ಪ್ಲಾಸ್ಟಿಕ್ ಗೂಬೆಗೆ 450 ರೂಪಾಯಿ ಕೊಟ್ಟೆ. ನಾಲ್ಕನೇ ದಿನ ಮೈನಾ ಅದರ ತಲೆ ಮೇಲೆ ಕೂತಿತ್ತು. ಆಮೇಲೆ ಹಕ್ಕಿ ಓಡಿಸುವ ಅಲ್ಟ್ರಾಸಾನಿಕ್ ಯಂತ್ರ ಅಂತ ಆನ್‌ಲೈನ್‌ನಲ್ಲಿ ತರಿಸಿದೆ, ಸುಮಾರು 1,800 ರೂಪಾಯಿ. ಒಂದು ತಿಂಗಳು ಇಟ್ಟರೂ ಒಂದೇ ಒಂದು ಹಕ್ಕಿ ಕದಲಲಿಲ್ಲ. ಓದಿ ನೋಡಿದ ಮೇಲೆ ಗೊತ್ತಾಯಿತು, ನಮ್ಮ ಕಿವಿಗೆ ಕೇಳದ ಅಷ್ಟು ಎತ್ತರದ ಸದ್ದು ಹಕ್ಕಿಗೂ ಕೇಳುವುದಿಲ್ಲ. ಯಾರಾದರೂ ಕೊಳ್ಳಬೇಕು ಅಂದುಕೊಂಡಿದ್ದರೆ ದಯವಿಟ್ಟು ಬಿಡಿ.

ಖಾರದ ನೀರಿನದ್ದೂ ಅದೇ ಕತೆ. ಬ್ಯಾಡಗಿ ಮೆಣಸಿನಪುಡಿಯನ್ನು ರಾತ್ರಿ ನೆನೆಸಿ, ಸೋಸಿ, ಸೋಪಿನ ನೀರು ಸೇರಿಸಿ ಹೊಡೆದೆ. ಏನೂ ಆಗಲಿಲ್ಲ. ಬ್ಯಾಡಗಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ ಅಂತ ಗುಂಟೂರು ಪುಡಿ ತಂದೆ. ಹೊಡೆದ ನನ್ನ ಕಣ್ಣು ಉರಿಯಿತು, ಗಿಳಿ ಆರಾಮಾಗಿ ತಿಂದಿತು. ಖಾರದ ಉರಿ ಹಕ್ಕಿಗಳಿಗೆ ಹತ್ತುವುದೇ ಇಲ್ಲ. ಮೆಣಸಿನ ಗಿಡದ ಹಣ್ಣು ತಿಂದು ಬೀಜ ಹರಡುವವೇ ಅವು. ಅಳಿಲಿಗೆ ಮಾತ್ರ ಖಾರ ತಾಗುತ್ತೆ. ಎರಡು ವಾರ ನಮ್ಮ ಚಿಕ್ಕು ಕಡೆ ಅಳಿಲು ಬರಲಿಲ್ಲ, ಅಷ್ಟು ಲಾಭ.

ಮರೆಯಲಾಗದ್ದು ಬಲೆಯ ವಿಷಯ. ಹುಬ್ಬಳ್ಳಿಯಿಂದ ತೆಳು ನೈಲಾನ್ ಬಲೆ ತಂದೆ, 2,600 ಕೊಟ್ಟ ನೆನಪು. ಕಣ್ಣು ಒಂದೂವರೆ ಇಂಚಿನಷ್ಟು ದೊಡ್ಡದು. ಗಿಡದ ಮೇಲೆ ಸುಮ್ನೆ ಹೊದಿಸಿ ಕೆಳಗೆ ಇಳಿಬಿಟ್ಟೆ. ಮೂರನೇ ದಿನ ಬೆಳಿಗ್ಗೆ ಮಗಳು ಅಳುತ್ತಾ ಬಂದಳು. ಒಂದು ಪಿಕಳಾರ ಕಾಲು ಸಿಕ್ಕಿಸಿಕೊಂಡು ತಲೆಕೆಳಗಾಗಿ ನೇತಾಡುತ್ತಿತ್ತು. ಕತ್ತರಿ ಹಿಡಿದು ಒಂದೊಂದೇ ಎಳೆ ಕತ್ತರಿಸಲು ಅರ್ಧ ಗಂಟೆ ಹಿಡಿಯಿತು. ಹಾರಿಹೋಯಿತು, ಆದರೆ ಒಂದು ಕಾಲು ಎಳೆಯುತ್ತಿತ್ತು. ಮರುವಾರ ನೆಲದ ಮೇಲೆ ಬಿದ್ದಿದ್ದ ಬಲೆಯಲ್ಲಿ ಕೇರೆಹಾವು ಸಿಕ್ಕಿ ಸತ್ತಿತ್ತು. ಇಲಿ ತಿನ್ನುವ, ಯಾರಿಗೂ ಕೇಡು ಮಾಡದ ಹಾವು. ಅವತ್ತೇ ಬಲೆ ಪೂರ್ತಿ ಕತ್ತರಿಸಿ ತೆಗೆದೆ. ಆ ದಿನ ನನಗೆ ಆದ ಸಂಕಟ ಬೇರೆ ಯಾರಿಗೂ ಆಗದಿರಲಿ ಅಂತಲೇ ಇಷ್ಟು ಉದ್ದ ಬರೆದೆ.

ಈಗ ನಾನು ಬಲೆ ಹಾಕುವುದು ಟೊಮೆಟೊ ಮಡಿಗೆ ಮಾತ್ರ. ಹೆಣೆದ ಬಿಳಿ ಬಲೆ. ಕಿರುಬೆರಳು ಕೂಡ ತೂರಬಾರದು, ಅಷ್ಟು ಸಣ್ಣ ಕಣ್ಣು. ಅರ್ಧ ಇಂಚಿನ ಪಿವಿಸಿ ಪೈಪ್ ಬಗ್ಗಿಸಿ ಕಮಾನು ಮಾಡಿ, ಅದರ ಮೇಲೆ ತಮಟೆಯ ಚರ್ಮದ ಹಾಗೆ ಬಿಗಿಯಾಗಿ ಎಳೆದು ಕಟ್ಟುತ್ತೇನೆ. ಅಂಚು ಮಣ್ಣಿನಲ್ಲಿ ಹೂತಿರಬೇಕು. ಬಿಳಿ ಇದ್ದರೆ ಹಕ್ಕಿಗೆ ದೂರದಿಂದಲೇ ಕಾಣುತ್ತೆ. ಪೈಪ್, ಬಲೆ ಸೇರಿ 1,400 ಆಗಿರಬಹುದು. ಆಷಾಢದ ಗಾಳಿಗೆ ಮೊದಲ ಸಲ ಒಂದು ಬದಿ ಕಿತ್ತುಹೋಯಿತು, ಈಗ ಪೈಪಿನ ತುದಿಯನ್ನು ಒಂದೂವರೆ ಅಡಿ ಆಳಕ್ಕೆ ಹೊಡೆಯುತ್ತೇನೆ. ಹೂ ಬಿಟ್ಟಾಗ ಸೌತೆಗೆ ಬೆಳಿಗ್ಗೆ, ಹೀರೆಗೆ ಸಂಜೆ ಬಲೆ ಎತ್ತಲೇಬೇಕು. ಜೇನು ಒಳಗೆ ಬರದೆ ನನ್ನ ಒಂದು ಬೆಳೆ ಸೌತೆ ಹೀಚಿನಲ್ಲೇ ಉದುರಿಹೋಗಿದೆ.

ಮೆಂತ್ಯ, ಕೊತ್ತಂಬರಿ ಮಡಿಗೆ ಬಲೆಯೂ ಬೇಡ. ಬಿತ್ತಿದ ಮೇಲೆ ಒಣ ತೊಗರಿ ಕಟ್ಟಿಗೆಯನ್ನು ಅಡ್ಡಾದಿಡ್ಡಿ ಹರಡಿದರೆ ಗುಬ್ಬಿ, ಪಾರಿವಾಳ ಇಳಿಯಲು ಜಾಗವೇ ಸಿಗೋದಿಲ್ಲ. ನಾಲ್ಕು ಎಲೆ ಬಂದ ಮೇಲೆ ತೆಗೆಯಿರಿ.

ಇನ್ನು ಪೇರಲ. ಹಣ್ಣಿಗೆ ಚೀಲ ಕಟ್ಟುವುದು ಹೊಸದೇನಲ್ಲ, ತೋಟದವರೆಲ್ಲ ಮಾಡುತ್ತಾರೆ. ಆದರೆ ಗಿಳಿಯ ಕಾಟ ಇರುವಲ್ಲಿ ಅದು ನಿಲ್ಲುವುದಿಲ್ಲ ಅಂತಲೇ ಎಲ್ಲರೂ ಹೇಳಿದ್ದು. ನನಗೂ ಮೂರು ಸಲ ಕೈಕೊಟ್ಟಿತು. ಪೇಪರ್ ಚೀಲ ಒಂದೇ ಮಳೆಗೆ ಕರಗಿತು. ಪ್ಲಾಸ್ಟಿಕ್ ಕವರ್ ಕಟ್ಟಿದಾಗ ಒಳಗೆ ಬೆವರಿ ನಲವತ್ತು ಕಾಯಿ ಕೊಳೆತವು. ಉಡುಗೊರೆ ಹಾಕಿ ಕೊಡುವ ತೆಳು ಜಾಲರಿ ಚೀಲ 100 ತಂದೆ. ಪಿಕಳಾರ ಹತ್ತಿರ ಬರಲಿಲ್ಲ, ಆದರೆ ಗಿಳಿಗೆ ಒಳಗಿನ ಹಣ್ಣು ಕಾಣುತ್ತಿತ್ತು, ಚೀಲದ ಸಮೇತ ಕಚ್ಚಿತು.

ನನಗೆ ದಾರಿ ಸಿಕ್ಕಿದ್ದು ಅಲ್ಲೇ. ಗಿಳಿ ನೋಡಿ ಆರಿಸಿ ತಿನ್ನುವ ಹಕ್ಕಿ. ಕಾಣದಿದ್ದರೆ ಅದಕ್ಕೆ ಹಣ್ಣಿಲ್ಲ. ಮನೆಯಲ್ಲಿದ್ದ ಹಳೆ ಧೋತರ ಹರಿದು, ಎರಡು ಪದರ ಮಾಡಿ, ಗೇಣುದ್ದದ ಚೀಲ ಹೊಲಿಸಿದೆ. ಟೇಲರ್ ಚೀಲಕ್ಕೆ ನಾಲ್ಕು ರೂಪಾಯಿ ತೆಗೆದುಕೊಂಡ. 250 ಚೀಲಕ್ಕೆ ಸಾವಿರ ರೂಪಾಯಿ. ಬಟ್ಟೆಗೆ ಒಂದು ಬಣ್ಣ ಅದ್ದುತ್ತೇನೆ. ಅದನ್ನು ಯಾವುದರಿಂದ ಮಾಡುತ್ತೇನೆ ಎಂಬುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಕಾಯಿ ಲಿಂಬೆ ಗಾತ್ರಕ್ಕೆ ಬಂದಾಗ ಕಟ್ಟಬೇಕು, ತಡ ಮಾಡಿದರೆ ಗಿಳಿ ಮೊದಲೇ ಗುರುತು ಮಾಡಿಕೊಂಡಿರುತ್ತೆ. ದಾರ ತೊಟ್ಟಿಗಲ್ಲ, ಹಿಂದಿನ ಕೊಂಬೆಗೆ. ತೊಟ್ಟಿಗೆ ಕಟ್ಟಿ ಗಾಳಿಗೆ ಇಪ್ಪತ್ತು ಕಾಯಿ ಉದುರಿಸಿಕೊಂಡಿದ್ದೇನೆ. ಇದರ ಇನ್ನೊಂದು ಲಾಭ, ಹಣ್ಣುನೊಣ ಮೊಟ್ಟೆ ಇಡಲಾಗದೆ ಹುಳವೂ ನಿಂತಿತು. ಅಷ್ಟು ಶುದ್ಧ ಹಣ್ಣು ನಮ್ಮ ಓಣಿಯಲ್ಲಿ ಬೇರೆ ಯಾರ ಮನೆಯಲ್ಲೂ ಬಂದಿಲ್ಲ, ಇದನ್ನು ಧೈರ್ಯದಿಂದ ಹೇಳುತ್ತೇನೆ.

ಆದರೆ ಚೀಲವೊಂದೇ ಸಾಲದು. ಹಸಿದ ಹಕ್ಕಿಗೆ ಬೇರೆ ಕಡೆ ಊಟ ಇರಬೇಕು. ಹೋದ ಸಲಕ್ಕಿಂತ ಹಿಂದಿನ ಮಳೆಗಾಲದಲ್ಲಿ ಕಾಂಪೌಂಡ್ ಆಚೆ ಒಂದು ಗಸಗಸೆ ಹಣ್ಣಿನ ಗಿಡ ನೆಟ್ಟೆ. ಒಂದೂವರೆ ವರ್ಷಕ್ಕೇ ಕೆಂಪು ಹಣ್ಣು ಬಿಡಲು ಶುರುವಾಯಿತು, ಶುರುವಾದ ಮೇಲೆ ನಿಂತಿಲ್ಲ. ಪಿಕಳಾರ, ಮೈನಾ, ಕೋಗಿಲೆ ಎಲ್ಲ ಅಲ್ಲೇ. ಪಕ್ಕದ ಮನೆಯವರ ಸ್ಕೂಟರ್ ಮೇಲೆ ಹಿಕ್ಕೆ ಬೀಳುತ್ತಿತ್ತು, ಅವರಿಗೆ 700 ರೂಪಾಯಿಯ ಹೊದಿಕೆ ತಂದುಕೊಟ್ಟೆ. ಪೇರಲದ ತುದಿಕೊಂಬೆಯ ಕಾಯಿಗಳಿಗೆ ಚೀಲ ಕಟ್ಟುವುದಿಲ್ಲ, ಅದು ಗಿಳಿಯ ಪಾಲು. ಗಿಡಕ್ಕೆ ಹದಿನೈದಿಪ್ಪತ್ತು ಕಾಯಿ ಇರಬಹುದು. ನಮ್ಮ ಅವ್ವ ಇದಕ್ಕೆ ಬಹಳ ಖುಷಿಪಟ್ಟಳು. "ಹಕ್ಕಿ ಪಾಲು ತಗದಿಟ್ಟವರ ಮನ್ಯಾಗ ಕಮ್ಮಿ ಬೀಳೂದಿಲ್ಲ ನೋಡು" ಅಂದಳು.

ನೀರಿನದ್ದು ಅಚಾನಕ್ ಗೊತ್ತಾದದ್ದು. ಮಾರ್ಚ್, ಏಪ್ರಿಲ್‌ನಲ್ಲಿ ಬಲೆಯ ಹೊರಗಿನ ಟೊಮೆಟೊಗೆ ಒಂದೊಂದೇ ತೂತು ಬೀಳುತ್ತಿತ್ತು. ತಿಂದದ್ದಲ್ಲ, ರಸ ಹೀರಿದ್ದು. ಗಸಗಸೆ ಗಿಡದ ಕೆಳಗೆ ಅಗಲವಾದ ಎರಡು ಮಣ್ಣಿನ ತಟ್ಟೆ ಇಟ್ಟು ದಿನಾ ನೀರು ಬದಲಿಸಿದೆ. ತೂತು ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಯಿತು.

ಹೊಳೆಯುವ ಟೇಪ್ ಬಗ್ಗೆ ಕೇಳುವವರಿಗೆ: ಕೆಲಸ ಮಾಡುತ್ತೆ, ಹತ್ತು ಹನ್ನೆರಡು ದಿನ ಮಾತ್ರ. ಹಣ್ಣು ಬಲಿಯುವ ಮೊದಲೇ ಕಟ್ಟಿ ಹಾಳು ಮಾಡಿಕೊಳ್ಳಬೇಡಿ. ನಾನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುವ ಒಂದು ಲೆಕ್ಕ ಇದೆ. ಇನ್ನೊಂದು ಹಂಗಾಮು ನೋಡಿ ಖಾತ್ರಿಯಾದ ಮೇಲೆ ಹೇಳುತ್ತೇನೆ.

ಈಗ ಉಳಿದಿರುವುದು ನವಿಲು. ಹಿಂದಿನ ಹೊಲದಿಂದ ಮೂರು ಬರುತ್ತಿವೆ, ಗೋಡೆ ಹಾರಿ ಮೆಣಸಿನ ಸಸಿ ಕೀಳುತ್ತವೆ. ಗೋಡೆಯ ಮೇಲೆ ಒಂದಡಿ ಎತ್ತರಕ್ಕೆ ದಪ್ಪ ಬಿಳಿ ಹಗ್ಗ ಎಳೆದಿದ್ದೇನೆ. ಕೂರಲು ನೆಲೆ ಸಿಗದೆ ಎರಡು ವಾಪಸ್ ಹೋದವು, ಒಂದು ಗೇಟಿನ ಕಡೆಯಿಂದ ನಡೆದೇ ಬಂತು. ಗೇಟಿಗೆ ಕೆಳಗಿನಿಂದ ಜಾಲರಿ ಹಾಕಿಸಬೇಕು. ಕವಣೆ ತಗೊ ಅಂದ ಮಾವ ಹೋದ ವಾರ ಬಂದು ಎರಡು ಪೇರಲ ತಿಂದು, ತಮ್ಮ ಅಂಜೂರ ಗಿಡಕ್ಕೆ ನೂರು ಚೀಲ ಬೇಕು ಅಂದಿದ್ದಾರೆ. ಟೇಲರ್‌ಗೆ ಹೇಳಿ ಬಂದಿದ್ದೇನೆ.