ಸುಲ್ತಾನ್ ಬತೇರಿಯ ತೋಪುಗಂಡಿಗಳನ್ನು ಓದುವುದು ಹೇಗೆ?

ಮಂಗಳೂರಿನ ಸುಲ್ತಾನ್ ಬತೇರಿಯನ್ನು ಮ್ಯಾಪಿನಲ್ಲಿ ಹುಡುಕುವಾಗ ಹೆಸರಿನ ಜೊತೆ ‘ಬೋಳೂರು, ಮಂಗಳೂರು’ ಎಂದು ಸೇರಿಸಿ. ಇಲ್ಲದಿದ್ದರೆ ಅದು ವಯನಾಡಿನ ಸುಲ್ತಾನ್ ಬತೇರಿಗೆ ದಾರಿ ತೋರಿಸೀತು. ಮಳೆಗಾಲದಲ್ಲಿ ಬೇಡ, ಪಾಚಿಗಟ್ಟಿದ ಕಲ್ಲು ಜಾರುತ್ತದೆ.

1783ರ ಮಾರ್ಚಿನಲ್ಲಿ ಇಂಗ್ಲಿಷರ ಪಾಲಾದ ಮಂಗಳೂರಿನ ಕೋಟೆಯನ್ನು ಟಿಪ್ಪು ತಿಂಗಳುಗಟ್ಟಲೆ ಮುತ್ತಿ 1784ರ ಜನವರಿ ಕೊನೆಗೆ ಬಿಡಿಸಿಕೊಂಡ. ಈ ಬತೇರಿ ಎದ್ದದ್ದೂ 1784ರಲ್ಲೇ. ಗುರುಪುರ ಹೊಳೆಯೊಳಗೆ ಶತ್ರುವಿನ ಹಡಗು ನುಗ್ಗದಂತೆ ನೋಡಿಕೊಳ್ಳುವುದು ಇದರ ಕೆಲಸ. ಹಾಗಾಗಿ ಅರಮನೆ, ದರ್ಬಾರು ಹುಡುಕಬೇಡಿ. ಇದು ಕೋಟೆಯ ಚಹರೆಯ ಕಾವಲು ಬುರುಜು.

ಮೊದಲು ಮೇಲೆ ಹತ್ತಿ. ತೋಪು ಹಾರಿಸಲೆಂದು ಗೋಡೆಯಲ್ಲಿ ಬಿಟ್ಟ ಪ್ರತಿ ಕಂಡಿಯ ಹಿಂದೆ ನಿಂತು, ಅದರೊಳಗಿಂದ ಕಾಣುವ ಎಡದ ಕೊನೆ ಮತ್ತು ಬಲದ ಕೊನೆಯ ದಿಕ್ಕನ್ನು ಫೋನಿನ ದಿಕ್ಸೂಚಿಯಲ್ಲಿ ನೋಡಿ ಡಿಗ್ರಿ ಬರೆದುಕೊಳ್ಳಿ. ಕಬ್ಬಿಣದ ಕಂಬಿ, ಗೇಟುಗಳ ಪಕ್ಕದಲ್ಲಿ ಮುಳ್ಳು ತಪ್ಪು ತೋರಿಸುತ್ತದೆ. ಎರಡು ಹೆಜ್ಜೆ ಸರಿದು ಮತ್ತೊಮ್ಮೆ ನೋಡಿ. ಗುರುತಿಗೆಂದು ಕಲ್ಲಿನ ಮೇಲೆ ಸೀಮೆಸುಣ್ಣ ಎಳೆಯಬೇಡಿ, ಕಂಡಿಗಳಿಗೆ ಕಾಗದದಲ್ಲಿ ನಂಬರು ಕೊಟ್ಟರೆ ಸಾಕು.

ಮನೆಗೆ ಬಂದು ಮ್ಯಾಪಿನ ಮೇಲೆ ಬತೇರಿಯಿಂದ ಈ ಡಿಗ್ರಿಗಳ ದಿಕ್ಕಿಗೆ, ಪ್ರತಿ ಕಂಡಿಗೆ ಎರಡರಂತೆ, ಗೆರೆ ಎಳೆಯಿರಿ. ಬತೇರಿಯನ್ನು ಕೇಂದ್ರವಾಗಿಟ್ಟು 500 ಮೀಟರಿನದೊಂದು, 1 ಕಿ.ಮೀ.ನದೊಂದು ವೃತ್ತ ಹಾಕಿ. ಆ ಕಾಲದ ತೋಪಿನಿಂದ ಅಲುಗಾಡುವ ಹಡಗಿಗೆ ಗುರಿಯಿಟ್ಟು ಹೊಡೆಯುವ ಮಾತು ಹೆಚ್ಚುಕಡಿಮೆ ಇಷ್ಟರೊಳಗಿನದು. ಬೇರೆ ಬೇರೆ ಕಂಡಿಗಳ ಗೆರೆಗಳ ನಡುವಿನ ಜಾಗ ಒಂದರ ಮೇಲೊಂದು ಬೀಳುವ ಕಡೆ ಹಡಗಿಗೆ ಒಂದಕ್ಕಿಂತ ಹೆಚ್ಚು ತೋಪಿನ ಏಟು. ಹೊಳೆ ಕಡಲಿಗೆ ಸೇರುವ ಅಳಿವೆ ಮಾತ್ರ ಈ ವೃತ್ತಗಳ ಆಚೆಗೇ ಉಳಿಯುತ್ತದೆ. ಹೊಡೆತವಿದ್ದದ್ದು ಹೊಳೆಗೆ, ತೆರೆದ ಕಡಲಿಗಲ್ಲ. ಎಡವುವುದು ಇಲ್ಲೇ: ಇಂದಿನ ದಂಡೆಯನ್ನೇ 1784ರ ದಂಡೆ ಎಂದುಕೊಳ್ಳುವುದು. ಅಳಿವೆಯ ಮರಳು ಮಳೆಗಾಲದಿಂದ ಮಳೆಗಾಲಕ್ಕೆ ಜಾಗ ಬದಲಿಸುತ್ತದೆ.

ತೋಪಿನ ಮದ್ದು ಇಡುವ ಕೋಣೆ ನೆಲದಡಿಯಲ್ಲಿದೆ. ಕಿಡಿ, ಗುಂಡು ಎರಡರಿಂದಲೂ ದೂರ, ಸರಿ. ಆದರೆ ಕರಾವಳಿಯ ಥಂಡಿಗೆ ಮದ್ದು ಪಸೆ ಹಿಡಿದರೆ ಹೊತ್ತುವುದೇ ಇಲ್ಲ, ಆ ತಲೆನೋವು ನೆಲದಡಿಯಲ್ಲಿ ಇನ್ನೂ ಹೆಚ್ಚು.

ಕೊನೆಗೆ ದೋಣಿ ಹತ್ತಿ ಆಚೆ ದಡದ ತಣ್ಣೀರುಬಾವಿಯ ಕಡೆಗೆ ದಾಟಿ. ಹೊಳೆಯ ನಡುವೆ ಹಿಂದಿರುಗಿ ನೋಡಿದರೆ ಹಡಗಿನವನ ಕಣ್ಣಿಗೆ ಬತೇರಿ ಹೇಗೆ ಕಂಡೀತೆಂದು ತಿಳಿಯುತ್ತದೆ. ಈಗ ಇಲ್ಲಿ ಸಿಗುವುದು ಮೀನಿನ ದೋಣಿಗಳು. ದೊಡ್ಡ ಹಡಗುಗಳೆಲ್ಲ ಪಣಂಬೂರಿನ ಬಂದರಿಗೆ.