ಹಲ್ಲು ಉದುರಿದ ಕನಸು ಬಿದ್ದರೆ ಏನು ಮಾಡಬೇಕು?

ಗೆಳತಿಯೊಬ್ಬಳು ಒಂದು ದಿನ ಬೆಳ್ಳಂಬೆಳಿಗ್ಗೆ ಫೋನ್ ಮಾಡಿದಳು. ಹಲ್ಲು ಉದುರಿದ ಹಾಗೆ ಕನಸು ಬಿದ್ದಿತ್ತಂತೆ. ದನಿ ನಡುಗುತ್ತಿತ್ತು. ಅಷ್ಟರಲ್ಲಾಗಲೇ ಒಂದು ಆ್ಯಪ್‌ನಲ್ಲಿ ಹುಡುಕಿ, 'ಹತ್ತಿರದವರ ಸಾವು' ಅಂತ ಓದಿಕೊಂಡಿದ್ದಳು. ಆಮೇಲೆ ಒಂದು ವಾರ ಪೂರ್ತಿ ದಿನಕ್ಕೆ ಮೂರು ಸಲ ಅಪ್ಪನಿಗೆ ಫೋನ್ ಮಾಡಿ ಆರೋಗ್ಯ ವಿಚಾರಿಸಿದಳು. ಅಪ್ಪ ಗಟ್ಟಿಮುಟ್ಟಾಗಿಯೇ ಇದ್ದರು. ಕನಸು ಹೇಳಲು ಬಂದದ್ದು ಅವಳದೇ ಸಂಗತಿಯನ್ನು. ಅದನ್ನು ಕೇಳಿಸಿಕೊಳ್ಳಲು ಅವಳಿಗೆ ಪುರುಸೊತ್ತೇ ಸಿಗಲಿಲ್ಲ.

ಎಷ್ಟೋ ಜನ ಹೀಗೇ ಮಾಡುವುದನ್ನು ನೋಡಿದ್ದೇನೆ. ಕನಸು ಕಂಡದ್ದು ತಾವು, ಅರ್ಥ ಕೇಳುವುದು ಬೇರೆಯವರನ್ನು. ಅದಕ್ಕೇ ಕನಸಿನ ಅರ್ಥವನ್ನು ನಾವೇ ಹುಡುಕಿಕೊಳ್ಳುವ ಈ ಕ್ರಮವನ್ನು ಬರೆದಿಡುತ್ತಿದ್ದೇನೆ.

1. ಎಚ್ಚರವಾದಾಗ ಅಲುಗಾಡಬೇಡಿ

ಕಣ್ಣು ಮುಚ್ಚಿಕೊಂಡು, ಮಲಗಿದ ಮಗ್ಗುಲಲ್ಲೇ ಒಂದು ನಿಮಿಷ ಇರಿ. ಕೊನೆಯ ದೃಶ್ಯವನ್ನು ಹಿಡಿದುಕೊಂಡು ಹಿಂದಕ್ಕೆ ಹೋಗಿ. ಫೋನ್ ಮುಟ್ಟಲೇಬೇಡಿ. ಒಂದು ಮೆಸೇಜ್ ಓದಿದರೆ ಸಾಕು, ಕನಸು ಕರಗಿ ಹೋಗುತ್ತದೆ.

ಬೆಳಗಿನ ಜಾವವೇ ಇದಕ್ಕೆ ಒಳ್ಳೆಯ ಹೊತ್ತು. ನಿದ್ದೆಯಲ್ಲಿ ಕಣ್ಣುಗುಡ್ಡೆಗಳು ಚುರುಕಾಗಿ ಓಡಾಡುವ ಹಂತವೊಂದಿದೆ. ಅದಕ್ಕೆ 'ರೆಮ್' ಅನ್ನುತ್ತಾರೆ. ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ 1953ರಲ್ಲಿ ಇದರ ಬಗ್ಗೆ ಪ್ರಕಟಿಸಿದರು. ಸುಮಾರು 90 ನಿಮಿಷಕ್ಕೊಮ್ಮೆ ಈ ಹಂತ ಬರುತ್ತದೆ. ರಾತ್ರಿ ಕಳೆದಂತೆ ಅದರ ಅವಧಿ ಉದ್ದವಾಗುತ್ತಾ ಹೋಗುತ್ತದೆ. ಬಣ್ಣ ಬಣ್ಣದ, ಕಥೆಯಂಥ ಕನಸುಗಳು ಜಾಸ್ತಿ ಬೀಳುವುದು ಆಗಲೇ. ರಾತ್ರಿ ತಡವಾಗಿ ಮಲಗಿ ಬೇಗ ಎದ್ದರೆ ಕತ್ತರಿ ಬೀಳುವುದು ಈ ಪಾಲಿಗೇ. ನನಗೆ ಕನಸೇ ಬೀಳಲ್ಲ ಅನ್ನುವವರು ಮೊದಲು ಒಂದು ವಾರ ಚೆನ್ನಾಗಿ ನಿದ್ದೆ ಮಾಡಿ ನೋಡಿ. ಕನಸು ಹೆಚ್ಚಿಸುತ್ತೇವೆ ಅಂತ ಮಾರುವ ಮಾತ್ರೆಗಳನ್ನು ದಯವಿಟ್ಟು ಕೊಳ್ಳಬೇಡಿ. ಅದೇ ಒಂದು ಗಂಟೆ ಜಾಸ್ತಿ ಮಲಗಿ.

2. ಮೊದಲು ಭಾವನೆ, ಆಮೇಲೆ ಕಥೆ

ದಿಂಬಿನ ಪಕ್ಕ ಪುಸ್ತಕ, ಪೆನ್ನು ಇರಲಿ. ಮೊದಲ ಸಾಲಿನಲ್ಲಿ ಎದ್ದಾಗ ಹೇಗನಿಸಿತು ಅನ್ನುವುದನ್ನು ಬರೆಯಿರಿ. ಭಯವೇ, ನಾಚಿಕೆಯೇ, ಹಗುರವೇ? ಆಮೇಲೆ ಕಂಡದ್ದನ್ನು ಕಂಡ ಹಾಗೆ ಬರೆಯಿರಿ. 'ಓಡುತ್ತಿದ್ದೇನೆ, ಬಾಗಿಲು ಸಿಗುತ್ತಿಲ್ಲ', ಹೀಗೆ. ಹೊಂದದ ತುಣುಕುಗಳನ್ನು ಹೊಂದಿಸಲು ಹೋಗಬೇಡಿ. ಕಥೆ ನೀಟಾಗಿ ಬಂದರೆ ಅದರಲ್ಲಿ ಅರ್ಧ ನೀವು ಈಗ ಸೇರಿಸಿದ್ದು ಅಂತಲೇ ಲೆಕ್ಕ. ದಿನಾಂಕ ಹಾಕಿ.

3. ನಿನ್ನೆಯದನ್ನು ಬೇರೆ ಮಾಡಿ

ಕನಸಿನ ಸಾಮಾನಿನಲ್ಲಿ ಎಷ್ಟೋ ಹಿಂದಿನ ದಿನದ್ದೇ. ನಿನ್ನೆ ಕಂಡ ಮುಖ, ಕೇಳಿದ ಮಾತು ಬಂದಿದ್ದರೆ ಗುರುತು ಹಾಕಿ. ಐದರಿಂದ ಏಳು ದಿನ ಹಿಂದಿನ ಸಂಗತಿಗಳು ತಿರುಗಿ ಬರುವುದೂ ಉಂಟು. ಹಾಗಾಗಿ ಒಂದು ವಾರದಷ್ಟು ಹಿಂದಕ್ಕೆ ನೋಡಿ.

4. ಗೊತ್ತಿಲ್ಲದವರಿಗೆ ಹೇಳುವಂತೆ ಹೇಳಿ

ಜನ ಎಡವುವುದೇ ಇಲ್ಲಿ. ಈ ಹಂತಕ್ಕೆ ಅರ್ಧ ಗಂಟೆಯಾದರೂ ಕೊಡಿ.

ಕನಸಿನಲ್ಲಿ ತುಂಬಾ ಎದ್ದು ಕಂಡ ಮೂರು ಚಿತ್ರಗಳನ್ನು ಆರಿಸಿಕೊಳ್ಳಿ. ಒಂದೊಂದನ್ನೂ ಅದು ಏನೆಂದೇ ಗೊತ್ತಿಲ್ಲದ ಒಬ್ಬರಿಗೆ ವಿವರಿಸುವ ಹಾಗೆ ವಿವರಿಸಿ. ಅದು ಯಾವುದಕ್ಕೆ ಬೇಕು? ಇಲ್ಲದಿದ್ದರೆ ಏನಾಗುತ್ತದೆ? ನಿಮಗೆ ಅದು ಇಷ್ಟವೇ? ಮೊದಲು ಅದನ್ನು ಎಲ್ಲಿ ಕಂಡಿದ್ದಿರಿ? ಬಾಯಿಗೆ ಬಂದದ್ದನ್ನು ತಡೆಯಬೇಡಿ. ಮನೋವಿಶ್ಲೇಷಣೆಯ ಪಿತಾಮಹ ಸಿಗ್ಮಂಡ್ ಫ್ರಾಯ್ಡ್ ತನ್ನ ಕನಸುಗಳ ಮೇಲೆ ಕೆಲಸ ಮಾಡಿದ್ದೂ ಹೀಗೆ ಒಂದೊಂದು ತುಣುಕನ್ನೇ ಹಿಡಿದು, ಮನಸ್ಸಿಗೆ ಬಂದದ್ದನ್ನು ಬರೆಯುತ್ತಾ. ಅವನ ಎಲ್ಲ ತೀರ್ಮಾನಗಳನ್ನು ನಾನು ಒಪ್ಪುವುದಿಲ್ಲ. ಈ ಒಂದು ಪದ್ಧತಿ ಮಾತ್ರ ಚಿನ್ನ.

ಗೆಳತಿಗೆ ಕೇಳಿದೆ, "ಹಲ್ಲು ಅಂದರೆ ಏನು?" ಅವಳಂದಳು, "ಅಗಿಯೋಕೆ. ಮಾತಾಡುವಾಗ ಎಲ್ಲರಿಗೂ ಕಾಣುತ್ತೆ." ಕನಸಿನಲ್ಲಿ ಏನು ಮಾಡಿದೆ ಅಂದೆ. "ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ. ಸುತ್ತ ಜನ ಇದ್ದರು. ಬಾಯಿ ಬಿಡೋಕೇ ಆಗಲಿಲ್ಲ." ಅಷ್ಟು ಹೇಳಿ ಸುಮ್ಮನಾದಳು. ಸ್ವಲ್ಪ ಹೊತ್ತು ಬಿಟ್ಟು, ಹೊಸ ಕೆಲಸದ ಮೀಟಿಂಗುಗಳಲ್ಲಿ ಒಂದೂ ಮಾತಾಡದೆ ಕೂತು ಬರುತ್ತಿರುವುದನ್ನು ಹೇಳಿಕೊಂಡಳು. ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ.

'ಬಾಯಿ ಬಿಡೋಕೆ ಆಗಲಿಲ್ಲ' ಅನ್ನುವ ಮಾತನ್ನು ನೋಡಿ. ಕನಸು ಎಷ್ಟೋ ಸಲ ನಮ್ಮ ನುಡಿಗಟ್ಟುಗಳನ್ನೇ ಚಿತ್ರ ಮಾಡಿ ತೋರಿಸುತ್ತದೆ. ಕೈಕೊಟ್ಟ ಗೆಳೆಯ ಕನಸಿನಲ್ಲಿ ನಿಜಕ್ಕೂ ತನ್ನ ಕೈಯನ್ನೇ ಕಿತ್ತು ಕೊಟ್ಟಿರಬಹುದು. ಯಾರನ್ನೋ ತಲೆ ಮೇಲೆ ಕೂರಿಸಿಕೊಂಡಿದ್ದರೆ ಕತ್ತು ನೋಯುವಷ್ಟು ಭಾರ ಹೊತ್ತು ನಡೆಯುತ್ತಿರಬಹುದು. ಕನಸಿನಲ್ಲಿ ಪದಗಳ ಆಟ ಇರುವುದನ್ನು ಫ್ರಾಯ್ಡ್ ಕೂಡ ಗಮನಿಸಿದ್ದ. ಹಾಗಾಗಿ ನೀವು ಮನೆಯಲ್ಲಿ ಆಡುವ ಭಾಷೆಯಲ್ಲೇ ಬರೆಯಿರಿ, ಜೋರಾಗಿ ಓದಿ. ಕಣ್ಣು ತಪ್ಪಿಸಿಕೊಂಡದ್ದು ಕಿವಿಗೆ ಬೀಳುತ್ತದೆ.

ಈ ಕೆಲಸ ಯಾವ ಆ್ಯಪ್‌ಗೂ ಆಗುವುದಿಲ್ಲ. ನಿಮಗೆ ಹಾವು ಅಂದರೆ ಭಯ. ಹಾವು ಹಿಡಿಯುವವನಿಗೆ ಅದು ದಿನದ ಕೆಲಸ. ಇಬ್ಬರಿಗೂ ಒಂದೇ ಅರ್ಥ ಹೇಗೆ ಸಾಧ್ಯ, ಅಲ್ವಾ? 2ನೇ ಶತಮಾನದಲ್ಲಿ ಕನಸುಗಳ ಅರ್ಥವನ್ನು ಕಲೆಹಾಕಿದ ಗ್ರೀಕ್ ಬರಹಗಾರ ಆರ್ಟೆಮಿಡೋರಸ್ ಕೂಡ ಕನಸು ಕಂಡವರ ಕಸುಬು, ಸ್ಥಿತಿಗತಿ ತಿಳಿಯದೆ ಅರ್ಥ ಹೇಳಬಾರದು ಅಂದಿದ್ದ. ಈಗಿನ ಆ್ಯಪ್‌ಗಳಿಗೆ ಅಷ್ಟು ಎಚ್ಚರವೂ ಇಲ್ಲ.

5. ಸಿಕ್ಕ ಅರ್ಥವನ್ನು ಒರೆಗೆ ಹಚ್ಚಿ

ಸಿಕ್ಕ ಅರ್ಥ ಮೊದಲ ಸಾಲಿನಲ್ಲಿ ಬರೆದ ಭಾವನೆಗೆ ಹೊಂದಬೇಕು. ಭಯ ಅಂತ ಬರೆದು ಅರ್ಥ ಖುಷಿಯದ್ದು ಸಿಕ್ಕರೆ ಎಲ್ಲೋ ಜಾರಿದ್ದೀರಿ. ನಿಮ್ಮನ್ನು ಬರೀ ಹೊಗಳುವ ಅರ್ಥ ಸಿಕ್ಕರೂ ನಂಬಬೇಡಿ. ಮುಂದಾಗುವುದನ್ನು ಕನಸಿನಿಂದ ಓದಲು ಹೋಗಲೇಬೇಡಿ. ಅಪ್ಪನಿಗೆ ದಿನಕ್ಕೆ ಮೂರು ಸಲ ಫೋನ್ ಮಾಡಿಸಿದ್ದು ಅದೇ ಚಾಳಿ.

6. ಕೆಟ್ಟ ಕನಸು ಪದೇ ಪದೇ ಬಂದರೆ

ಇಲ್ಲಿ ಅರ್ಥಕ್ಕಿಂತ ಪರಿಹಾರ ಮುಖ್ಯ. ಹಗಲಿನಲ್ಲಿ ಕೂತು ಆ ಕನಸಿಗೆ ಬೇರೆ ಕೊನೆ ಬರೆಯಿರಿ. ಹೊಸ ಕನಸನ್ನು ದಿನಾ 10–20 ನಿಮಿಷ ಮನಸ್ಸಿನಲ್ಲಿ ಓಡಿಸಿ. ದುಃಸ್ವಪ್ನಕ್ಕೆ ಚಿಕಿತ್ಸೆ ಕೊಡುವವರು ಬಳಸುವ ವಿಧಾನವೇ ಇದು. ರೆಮ್ ನಿದ್ದೆಯಲ್ಲಿ ಸಾಮಾನ್ಯವಾಗಿ ಕೈಕಾಲಿನ ಸ್ನಾಯುಗಳು ಸಡಿಲವಾಗಿ ಸುಮ್ಮನಿರುತ್ತವೆ. ಯಾರಾದರೂ ಕನಸಿನಲ್ಲಿ ನಿಜಕ್ಕೂ ಒದೆಯುತ್ತಿದ್ದರೆ, ಗುದ್ದುತ್ತಿದ್ದರೆ, ಹಾಸಿಗೆಯಿಂದ ಹಾರುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಹೊಸ ಔಷಧಿ ಶುರುವಾದ ಮೇಲೆ ಕೆಟ್ಟ ಕನಸು ಹೆಚ್ಚಿದ್ದರೆ ಅದನ್ನೂ ಹೇಳಿ. ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್‌ಗಳಲ್ಲಿ ಕೆಲವು ಹೀಗೆ ಮಾಡುತ್ತವೆ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

7. ತಿಂಗಳಿಗೊಮ್ಮೆ ಪುಸ್ತಕ ತಿರುವಿ ಹಾಕಿ

ಒಂದೇ ಕನಸಿಗಿಂತ ಇಪ್ಪತ್ತು ಕನಸು ಒಟ್ಟಿಗೆ ಜಾಸ್ತಿ ಹೇಳುತ್ತವೆ. ಮತ್ತೆ ಮತ್ತೆ ಬಂದ ಜಾಗ, ಮುಖ, ಭಾವನೆಗೆ ಅಡಿಗೆರೆ ಎಳೆಯಿರಿ. ಎಷ್ಟು ಜಗ್ಗಿದರೂ ಏನೂ ಹೇಳದ ಕನಸುಗಳೂ ಇರುತ್ತವೆ. ಮಿದುಳಿನ ಕಾಂಡದಿಂದ ಏಳುವ ಗೊತ್ತುಗುರಿಯಿಲ್ಲದ ಸಂಕೇತಗಳಿಗೆ ಮಿದುಳು ಕಥೆ ಕಟ್ಟುವುದೇ ಕನಸು ಅಂತ 1977ರಲ್ಲಿ ಹಾಬ್ಸನ್ ಮತ್ತು ಮೆಕ್‌ಕಾರ್ಲಿ ಎಂಬ ಮನೋವೈದ್ಯರು ವಾದಿಸಿದ್ದರು. ಕೆಲವು ಕನಸಿಗೆ ಆ ಮಾತೇ ಸರಿ ಅನಿಸುತ್ತದೆ. ಅಂಥವಕ್ಕೆ ಒತ್ತಾಯದ ಅರ್ಥ ಹೊಲಿಯಬೇಡಿ, ಪುಟವನ್ನು ಹಾಗೇ ಖಾಲಿ ಬಿಡಿ. ಮೂರು ತಿಂಗಳ ನಂತರ ಅದೇ ಪುಟಕ್ಕೆ ಬಂದು ಒಂದು ಸಾಲು ಬರೆದದ್ದು ನನ್ನ ಪುಸ್ತಕದಲ್ಲೇ ಇದೆ.