ಟ್ರ್ಯಾಪಿನೊಳಗಿನ ನೂಕಾಟವನ್ನು ಅಳೆಯುವುದು: ನನ್ನ ಅನುಭವ

ರುಬಿಡಿಯಂ-87ರ ಕಂಡೆನ್ಸೇಟ್‌ನಲ್ಲಿ, ಅಂದರೆ ಅತಿ ತಣ್ಣಗಾಗಿ ಒಂದೇ ಅಲೆಯಂತೆ ವರ್ತಿಸುವ ಪರಮಾಣುಗಳ ಮೋಡದಲ್ಲಿ, ಪರಮಾಣುಗಳು ಒಂದನ್ನೊಂದು ಎಷ್ಟು ನೂಕುತ್ತಿವೆ ಎಂದು ತಿಳಿಯಲು ಮೋಡದ ಗಾತ್ರವೊಂದನ್ನೇ ನಾನು ನಂಬುವುದಿಲ್ಲ. ನೂಕಾಟವಿದೆ ಎಂಬುದಕ್ಕೆ ಗಾತ್ರ ಸಾಕ್ಷಿಯೇನೋ ಹೌದು. ಪರಮಾಣುಗಳನ್ನು ಕಾಂತಕ್ಷೇತ್ರದಿಂದ ಹಿಡಿದಿಡುವ, ಉದ್ದಕ್ಕೆ 10, ಅಡ್ಡಕ್ಕೆ 180 ಹರ್ಟ್ಸ್ ಆವೃತ್ತಿಯ ಮ್ಯಾಗ್ನೆಟಿಕ್ ಟ್ರ್ಯಾಪಿನಲ್ಲಿ ಒಂಟಿ ಪರಮಾಣುವಿನ ಅಲೆ ಉದ್ದಕ್ಕೆ 3.4 ಮೈಕ್ರೊಮೀಟರ್ ಹರಡಿದರೆ, 2 ಲಕ್ಷ ಪರಮಾಣುಗಳ ಕಂಡೆನ್ಸೇಟ್‌ನ ಅರ್ಧ ಉದ್ದ ಸುಮಾರು 60. ಆದರೆ ತ್ರಿಜ್ಯದಲ್ಲಿ ಶೇ. 5ರ ತಪ್ಪು ಪರಮಾಣು ಸಂಖ್ಯೆಯಲ್ಲಿ ಶೇ. 28ರ ತಪ್ಪಾಗುತ್ತದೆ, ಫೋಕಸ್ ತುಸು ಸರಿದರೆ ಸಾಕು.

ಹಾಗಾಗಿ ಕುಣಿತದ ಆವೃತ್ತಿಯನ್ನು ಅಳೆಯುತ್ತೇನೆ. ಟ್ರ್ಯಾಪಿನ ತಳದ ಕಾಂತಕ್ಷೇತ್ರವನ್ನು (ಬಯಾಸ್) ನಿಗದಿಪಡಿಸುವ ಸುರುಳಿಯ ವಿದ್ಯುತ್ ಪ್ರವಾಹವನ್ನು 16 ಹರ್ಟ್ಸ್‌ನಲ್ಲಿ, ಶೇ. 3-4ರಷ್ಟು, ಐದು ಸುತ್ತು ಅಲುಗಿಸುತ್ತೇನೆ. ಅಡ್ಡ ಹಿಡಿತ ಬಿಗಿಯಾಗಿ ಸಡಿಲಾಗಿ, ಮೋಡ ಉದ್ದಕ್ಕೆ ಹಿಗ್ಗಿ ಕುಗ್ಗತೊಡಗುತ್ತದೆ. ಆಮೇಲೆ 8 ಮಿಲಿಸೆಕೆಂಡ್ ಅಂತರದಲ್ಲಿ ಕಾಯುವ ಅವಧಿಯನ್ನು ಹೆಚ್ಚಿಸುತ್ತಾ, ಪ್ರತಿ ಬಾರಿ ಹೊಸ ಕಂಡೆನ್ಸೇಟ್ ಮಾಡಿ, ಟ್ರ್ಯಾಪ್ ಆಫ್ ಮಾಡಿ 20 ಮಿಲಿಸೆಕೆಂಡ್ ಬಿದ್ದ ಮೇಲೆ ಚಿತ್ರ ತೆಗೆಯುತ್ತೇನೆ. ಅಲುಗಾಟದಲ್ಲಿ ಮೋಡ ಇಡಿಯಾಗಿಯೂ ಸ್ವಲ್ಪ ತೂಗುತ್ತದೆ. ಅದು ತೊಂದರೆಯಲ್ಲ, ವರ. ತೂಗಾಟದ ಆವೃತ್ತಿ ನೂಕಾಟಕ್ಕೆ ಸೊಪ್ಪು ಹಾಕುವುದಿಲ್ಲ, ಟ್ರ್ಯಾಪಿನದ್ದೇ ಆಗಿರುತ್ತದೆ. ಅದೇ ಚಿತ್ರದ ಕೇಂದ್ರದಿಂದ ಟ್ರ್ಯಾಪ್ ಆವೃತ್ತಿ, ಉದ್ದದಿಂದ ಹಿಗ್ಗು-ಕುಗ್ಗಿನ ಆವೃತ್ತಿ. ನೂಕಾಟವಿಲ್ಲದಿದ್ದರೆ ಎರಡನೆಯದಕ್ಕೂ ಮೊದಲನೆಯದಕ್ಕೂ ಇರುವ ಅನುಪಾತ 2. ಬಲವಾಗಿದ್ದರೆ 5/2ರ ವರ್ಗಮೂಲ, ಅಂದರೆ 1.58. ಇಟಲಿಯ ಭೌತವಿಜ್ಞಾನಿ ಸ್ಟ್ರಿಂಗಾರಿ 1996ರಲ್ಲಿ ಕೊಟ್ಟ ಲೆಕ್ಕವಿದು. ಎಂಐಟಿಯಲ್ಲಿ ಸೋಡಿಯಂ ಮೋಡದಲ್ಲಿ ಅದೇ ವರ್ಷ 1.57 ಸಿಕ್ಕಿತು.

ಹೆಚ್ಚಾಗಿ ಕೈಕೊಡುವುದು ಟ್ರ್ಯಾಪಿನ ತಳ. ಎಫ್=2, ಎಂ=2 ಎಂಬ ಕಾಂತೀಯ ಸ್ಥಿತಿಯ ಪರಮಾಣುಗಳಿಗೆ ಬಯಾಸ್ 1 ಮಿಲಿಗಾಸ್ ಜಾರಿದರೆ ಆರ್‌ಎಫ್ ಚಾಕುವಿನ, ಅಂದರೆ ಬಿಸಿ ಪರಮಾಣುಗಳನ್ನು ಕತ್ತರಿಸಿ ಹೊರಹಾಕುವ ರೇಡಿಯೊ ತರಂಗದ, ಎತ್ತರ 1.4 ಕಿಲೊಹರ್ಟ್ಸ್‌ನಷ್ಟು ಬದಲಾಗುತ್ತದೆ. ಈ ಕಂಡೆನ್ಸೇಟ್‌ನ ರಾಸಾಯನಿಕ ವಿಭವವೇ (ಇನ್ನೊಂದು ಪರಮಾಣು ಸೇರಿಸಲು ಬೇಕಾದ ಶಕ್ತಿ) ಸುಮಾರು 1.5 ಕಿಲೊಹರ್ಟ್ಸ್. ಸುರುಳಿ ಬಿಸಿಯಾಗಿ ಸ್ಥಿರಗೊಳ್ಳುವವರೆಗೆ ದತ್ತಾಂಶ ತೆಗೆಯುವುದು ದಂಡ. ಮೋಡ ಪೂರ್ತಿ ಮಾಯವಾಗುವ ಆರ್‌ಎಫ್ ಯಾವುದೆಂದು ಗಂಟೆಗೊಮ್ಮೆ ನೋಡಿ, ತಣಿಸುವಾಗ ಚಾಕು ನಿಲ್ಲಬೇಕಾದ ಕೊನೆಯ ಬಿಂದುವನ್ನು ತಿದ್ದುತ್ತೇನೆ.

ಕಾಯುವಾಗ ಮೂರು ಪರಮಾಣುಗಳ ಡಿಕ್ಕಿಯಿಂದ ಮೋಡ ಕೆಲವೇ ಸೆಕೆಂಡುಗಳಲ್ಲಿ ಕರಗುತ್ತದೆ, ಬಿಸಿಯೂ ಆಗುತ್ತದೆ. ತಳಕ್ಕಿಂತ 40 ಕಿಲೊಹರ್ಟ್ಸ್ ಮೇಲೆ ಆರ್‌ಎಫ್ ಹಚ್ಚಿಟ್ಟರೆ ಬಿಸಿ ಪರಮಾಣುಗಳು ಹೊರಬೀಳುತ್ತವೆ. ಅಲುಗಿಸುವಾಗ ಮಾತ್ರ ಅದು ಆರಿರಲಿ: ತಳ ಕುಣಿಯುವಾಗ ಚಾಕು ಮೋಡವನ್ನೇ ಸವರುತ್ತದೆ. ಉದ್ದದ ಏರಿಳಿತ ಶೇ. 10 ಮೀರಿದರೆ ಅನುಪಾತವೇ ಸರಿಯುತ್ತದೆ. ಇನ್ನೊಂದು ಬಲೆ: ಡಿಕ್ಕಿಗಳು ದಟ್ಟವಾಗಿರುವ ಬರೀ ಬಿಸಿ ಮೋಡವೂ 1.55 ಕೊಡಬಲ್ಲದು. ಚಿತ್ರದಲ್ಲಿ ಕಂಡೆನ್ಸೇಟ್‌ನ ಗುರುತಾದ ತಲೆಕೆಳಗಾದ ಪ್ಯಾರಾಬೊಲಾ ಎದ್ದು ಕಾಣದಿದ್ದರೆ ಆ ಸರಣಿಯನ್ನು ಕೈಬಿಡುತ್ತೇನೆ.